ನಿಮಗಿದು ಗೊತ್ತೇ? ಹಳೇ ಟೇಬಲ್ ಸಾ ಒಳಗಿನ ಅಚ್ಚರಿಗಳು

ಅಮೆರಿಕದ ಎಷ್ಟೋ ಮನೆಗಳ ಗ್ಯಾರೇಜಿನಲ್ಲಿ ಕಾರು ಹೊರಗೆ, ಗರಗಸ ಒಳಗೆ! ಮೇಜಿನ ನಡುವಿನಿಂದ ದುಂಡನೆಯ ಬ್ಲೇಡು ತಲೆ ಎತ್ತಿ ತಿರುಗುವ ಈ ಯಂತ್ರವೇ ಟೇಬಲ್ ಸಾ. ಹೊಸದರ ಬೆಲೆ ಕೇಳಿ ಹೌಹಾರಿದವರು ಹಳೆಯದನ್ನು ಹುಡುಕಿ ಹೊರಡುತ್ತಾರೆ. ಅಲ್ಲಿನ ನಮ್ಮ ಕನ್ನಡಿಗರಲ್ಲೂ ಮರಗೆಲಸದ ಗೀಳು ಹತ್ತಿದವರಿದ್ದಾರೆ. ಬನ್ನಿ, ಕೊಳ್ಳುವ ಮೊದಲು ಈ ಯಂತ್ರದ ಗುಟ್ಟುಗಳನ್ನು ಒಂದೊಂದಾಗಿ ಬಿಚ್ಚೋಣ. ಪ್ರತಿಯೊಂದೂ ನಿಮ್ಮ ದುಡ್ಡನ್ನೋ ಬೆರಳನ್ನೋ ಉಳಿಸುವಂಥದ್ದು!

ಹುಟ್ಟಿದ್ದು ಹೀಗೆ

ದುಂಡು ಗರಗಸದ ಹೆಸರು ಇಂಗ್ಲೆಂಡಿನ ಪೇಟೆಂಟ್ ಕಡತಕ್ಕೆ ಸೇರಿದ್ದು ಯಾವಾಗ ಗೊತ್ತೇ? 1777ರಲ್ಲಿ! ಸೌತಾಂಪ್ಟನ್ನಿನ ಸ್ಯಾಮ್ಯುಯೆಲ್ ಮಿಲ್ಲರ್ ಪಡೆದ ಆ ಪೇಟೆಂಟಿನಲ್ಲಿ ಯಂತ್ರ ಓಡಿಸಲು ಗಾಳಿಯೇ ಶಕ್ತಿ. ಕರೆಂಟಿನ ಮೋಟರು ಹುಟ್ಟಲು ಇನ್ನೂ ಎಷ್ಟೋ ದಶಕ ಬಾಕಿ ಇತ್ತು!

ಅಮೆರಿಕದಲ್ಲಿ ಬೇರೆಯದೇ ಕಥೆ ಹೇಳುತ್ತಾರೆ. ಮಸಾಚುಸೆಟ್ಸ್‌ನ ಶೇಕರ್ ಪಂಥದ ತಬಿತಾ ಬ್ಯಾಬಿಟ್ ಎಂಬಾಕೆ ಇಬ್ಬರು ಉದ್ದ ಗರಗಸ ಎಳೆಯುವುದನ್ನು ನೋಡಿದಳಂತೆ. ಎಳೆದಾಗ ಮರ ಕೊಯ್ಯುತ್ತದೆ, ವಾಪಸು ತಳ್ಳಿದಾಗ ಬರೀ ಆಯಾಸ. ಹಾಗಾದರೆ ಗರಗಸ ದುಂಡಗೇಕೆ ಇರಬಾರದು? ತಗಡಿನ ಬಿಲ್ಲೆಗೆ ಹಲ್ಲು ಕೊರೆದು ನೂಲುವ ಚಕ್ರಕ್ಕೆ ಸಿಕ್ಕಿಸಿಯೇಬಿಟ್ಟಳಂತೆ! ಇದು 1810ರ ಆಸುಪಾಸಿನ ಮಾತು. ಇತಿಹಾಸಕಾರರು ಇದನ್ನು ಪೂರ್ತಿ ಒಪ್ಪುವುದಿಲ್ಲ. ಆದರೂ ನೂಲುವ ಚಕ್ರದ ಮೇಲೆ ಗರಗಸ ಎಂದರೆ ಸೋಜಿಗವಲ್ಲವೇ!

ದುಂಡು ಗರಗಸಕ್ಕೆ ನಿಜವಾದ ಕೆಲಸ ಕೊಟ್ಟಿದ್ದು ಹಡಗುಗಳು. ಹಾಯಿ ಎಳೆಯುವ ಹಗ್ಗಗಳಿಗೆ ಮರದ ರಾಟೆಗಳು ಬೇಕು. ಒಂದು ದೊಡ್ಡ ಯುದ್ಧನೌಕೆಗೆ ಹತ್ತಿರಹತ್ತಿರ ಸಾವಿರ ರಾಟೆ! ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ 1803ರಿಂದ ಮಾರ್ಕ್ ಬ್ರೂನೆಲ್ ಯಂತ್ರಗಳ ಸಾಲನ್ನೇ ನಿಲ್ಲಿಸಿದ. ನೂರಹತ್ತು ಜನ ಮಾಡುತ್ತಿದ್ದ ಕೆಲಸವನ್ನು ಹತ್ತೇ ಜನ ಮುಗಿಸತೊಡಗಿದರು!

1906ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಆಲ್ಟೆನ್‌ಡಾರ್ಫ್ ಇನ್ನೊಂದು ಚಮತ್ಕಾರ ಮಾಡಿದ. ಹಲಗೆಯನ್ನು ಮೇಜಿನ ಮೇಲೆ ತಳ್ಳುವುದೇಕೆ, ಮೇಜೇ ಜಾರಲಿ ಎಂದ! ಇಂದು ಬೆಂಗಳೂರಿನ ಮಾಡ್ಯುಲರ್ ಪೀಠೋಪಕರಣದ ಕಾರ್ಖಾನೆಗಳಲ್ಲಿ ಪ್ಲೈವುಡ್ ಕತ್ತರಿಸುವ ದೊಡ್ಡ ಪ್ಯಾನೆಲ್ ಸಾಗಳೆಲ್ಲ ಅದೇ ಕುಲದವು.

ಓರೆಯಾಗಿ ಕೊಯ್ಯಬೇಕಾದರೆ ಇಂದು ಬ್ಲೇಡನ್ನು ಓರೆ ಮಾಡುತ್ತೇವೆ. ಹಿಂದೆ ಮೇಜನ್ನೇ ಓರೆ ಮಾಡುತ್ತಿದ್ದರು! ಭಾರದ ಹಲಗೆಯನ್ನು ಇಳಿಜಾರಿನ ಮೇಲೆ ಹಿಡಿದು ತಳ್ಳುವ ಕಷ್ಟ ಊಹಿಸಿಕೊಳ್ಳಿ. 1930ರ ದಶಕದ ಕೊನೆಗೆ ಬಂದ ಡೆಲ್ಟಾ ಕಂಪನಿಯ ಯೂನಿಸಾದಲ್ಲಿ ಮೇಜು ಸಮತಟ್ಟಾಗಿಯೇ ಉಳಿಯಿತು, ಬ್ಲೇಡು ಓರೆಯಾಯಿತು. ಹಳೆ ಸಾಮಾನಿನ ನಡುವೆ ಓರೆಯಾಗುವ ಮೇಜು ಕಂಡರೆ ಬಹಳ ಹಿಂದಿನ ಕ್ರಮದ ಯಂತ್ರ ಸಿಕ್ಕಿತೆಂದೇ ತಿಳಿಯಿರಿ. ನೋಡಿ ಸಂತೋಷಪಡಿ, ಕೆಲಸಕ್ಕೆ ಬೇರೆಯದನ್ನು ಕೊಳ್ಳಿ!

ಹೆಸರಿನ ಫಲಕ ಬಾಯಿಬಿಡುತ್ತದೆ!

ಅಮೆರಿಕದಲ್ಲಿ ಕಣ್ಣಿಗೆ ಬೀಳುವ ಹಳೇ ಟೇಬಲ್ ಸಾಗಳಲ್ಲಿ ಕ್ರಾಫ್ಟ್ಸ್‌ಮನ್ ಹೆಸರಿನವು ಬಹಳ. ಮಾರಿದ್ದು ಸಿಯರ್ಸ್ ಅಂಗಡಿ. ಆದರೆ ಸಿಯರ್ಸ್ ತಾನೇ ಯಂತ್ರ ತಯಾರಿಸುತ್ತಿರಲಿಲ್ಲ! ಬೇರೆ ಬೇರೆ ಕಂಪನಿಗಳಿಂದ ಮಾಡಿಸಿ ತನ್ನ ಹೆಸರು ಹಚ್ಚುತ್ತಿತ್ತು.

ಹಾಗಾದರೆ ನಿಮ್ಮ ಮುಂದಿರುವ ಯಂತ್ರ ಮಾಡಿದ್ದು ಯಾರು? ಮಾಡೆಲ್ ಸಂಖ್ಯೆಯಲ್ಲಿ ಚುಕ್ಕೆಯ ಮೊದಲಿನ ಮೂರು ಅಂಕಿ ನೋಡಿ. 113 ಇದ್ದರೆ ಎಮರ್ಸನ್ ಎಲೆಕ್ಟ್ರಿಕ್. 103 ಇದ್ದರೆ ಕಿಂಗ್-ಸೀಲಿ. 315 ಇದ್ದರೆ ರಿಯೋಬಿ. ಮೂರೇ ಅಂಕಿಯಲ್ಲಿ ಯಂತ್ರದ ಗೋತ್ರ ಪತ್ತೆ!

ಡೆಲ್ಟಾ ಯಂತ್ರದ ಫಲಕ ಅದರ ಕಾಲವನ್ನೂ ಹೇಳುತ್ತದೆ. 1919ರಲ್ಲಿ ಹರ್ಬರ್ಟ್ ಟಾಟ್ಜ್ ಮಿಲ್ವಾಕಿ ಊರಿನಲ್ಲಿ ಶುರು ಮಾಡಿದ ಕಂಪನಿ ಅದು. 1945ರಲ್ಲಿ ರಾಕ್‌ವೆಲ್ ಅದನ್ನು ಕೊಂಡಿತು. 1980ರ ದಶಕದಲ್ಲಿ ಪೆಂಟೇರ್ ಕೈಗೆ ಹೋಯಿತು. ಫಲಕದ ಮೇಲೆ ರಾಕ್‌ವೆಲ್ ಎಂದಿದ್ದರೆ ನಡುವಿನ ಆ ಕಾಲದ ಯಂತ್ರ. ಮಾರುವವನಿಗೆ ಗೊತ್ತಿಲ್ಲದ್ದು ನಿಮಗೆ ಗೊತ್ತು!

ಕೆಲವೊಮ್ಮೆ ಫಲಕ ಓದುವುದೂ ಬೇಡ, ಬಣ್ಣ ನೋಡಿದರೆ ಸಾಕು. ಟೆನೆಸ್ಸಿಯ ಮ್ಯಾಕ್‌ಮಿನ್‌ವಿಲ್ ಊರಿನ ಪವರ್‌ಮ್ಯಾಟಿಕ್ ಯಂತ್ರಗಳು ಮೊದಲು ಹಸಿರು. ಆಮೇಲೆ ಬಂದವು ಬಂಗಾರದ ಬಣ್ಣದವು. ದೂರದಿಂದಲೇ ವಯಸ್ಸು ಅಂದಾಜಿಸಬಹುದು!

ಯಂತ್ರ ವಾಪಸು ಕೊಟ್ಟವರಿಗೆ ಕಂಪನಿಯೇ ದುಡ್ಡು ಕೊಟ್ಟದ್ದುಂಟೇ? ಉಂಟು! ಟೇಬಲ್ ಸಾದ ಹತ್ತಿರದ ನೆಂಟ ರೇಡಿಯಲ್ ಆರ್ಮ್ ಸಾ. ಅದರಲ್ಲಿ ಬ್ಲೇಡು ಮೇಲಿನ ತೋಳಿನಲ್ಲಿ ನೇತಾಡುತ್ತದೆ. 1958ರಿಂದ 1992ರವರೆಗೆ ಮಾರಿದ ಅಂಥ ಸುಮಾರು 37 ಲಕ್ಷ ಕ್ರಾಫ್ಟ್ಸ್‌ಮನ್ ಯಂತ್ರಗಳಿಗೆ 2000ದಲ್ಲಿ ಎಮರ್ಸನ್ ಹಿಂಪಡೆಯುವ ಕರೆ ಕೊಟ್ಟಿತು. ಕೆಲವಕ್ಕೆ ಉಚಿತ ಹೊಸ ರಕ್ಷಾಕವಚ. ಕವಚ ಕೂರಿಸಲಾಗದವುಗಳ ಮೋಟರ್ ಭಾಗ ಕಳಿಸಿದವರಿಗೆ 100 ಡಾಲರ್!

ಮೇಜಿನ ಮೇಲೆ ಒಂದು ಕಣ್ಣು

ಕೊಳ್ಳಲು ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇರಲಿ. ಮೇಜಿಗೆ ಅಂಟಿದರೆ ಬೀಡುಕಬ್ಬಿಣವೋ ಉಕ್ಕೋ ಆಗಿರುತ್ತದೆ. ಅಂಟದಿದ್ದರೆ ಬಹುಪಾಲು ಅಲ್ಯೂಮಿನಿಯಂ. ಒಂದೇ ಕ್ಷಣದ ಪರೀಕ್ಷೆ!

ಅಂಟದಿದ್ದರೆ ಇನ್ನೊಂದು ಸಾಧ್ಯತೆಯೂ ಇದೆ, ಕಲ್ಲು! ಹೌದು, ಸ್ಟೀಲ್ ಸಿಟಿ ಎಂಬ ಕಂಪನಿ ಗ್ರಾನೈಟ್ ಮೇಜಿನ ಗರಗಸಗಳನ್ನೇ ಮಾರಿತ್ತು. ಮಳೆಗಾಲದಲ್ಲೂ ತುಕ್ಕಿನ ಮಾತೇ ಇಲ್ಲ. ಆದರೆ ಮೂಲೆ ಒಡೆದಿದೆಯೇ ಎಂದು ಸವರಿ ನೋಡಿ, ಒಡೆದ ಕಲ್ಲು ಕೂಡುವುದಿಲ್ಲ!

ಬೀಡುಕಬ್ಬಿಣ ಭಾರವಾಗಿರುವುದೇ ಅದರ ಗುಣ. ಅದರೊಳಗೆ ಗ್ರಾಫೈಟಿನ ಸಣ್ಣ ಸಣ್ಣ ಪದರಗಳಿವೆ. ಪೆನ್ಸಿಲ್ ಕಡ್ಡಿಯಲ್ಲಿರುವ ಅದೇ ಗ್ರಾಫೈಟ್! ಈ ಪದರಗಳು ಅದುರುವಿಕೆಯನ್ನು ನುಂಗಿಹಾಕುತ್ತವೆ. ಅದಕ್ಕೇ ಹಳೇ ಭಾರದ ಗರಗಸ ಅಷ್ಟು ನೆಮ್ಮದಿಯಾಗಿ ಓಡುವುದು.

ಮೇಜಿನ ಮೇಲೆ ಕೆಂಪು ತುಕ್ಕು ಕಂಡು ಹಿಂದೆ ಸರಿದಿರಾ? ತಡೆಯಿರಿ! ಮೇಲ್ಮೈಯ ತುಕ್ಕು ಉಜ್ಜಿದರೆ ಹೋಗುತ್ತದೆ. ಆಮೇಲೆ ಮೇಣ ಸವರಿದರೆ ಹಲಗೆ ಜಾರಿಕೊಂಡು ಓಡುತ್ತದೆ. ತುಕ್ಕು ನೋಡಿ ಬೇರೆ ಗಿರಾಕಿಗಳು ವಾಪಸು ಹೋಗಿದ್ದರೆ ಚೌಕಾಸಿ ಮಾಡಲು ನಿಮಗೆ ಸುಗ್ಗಿ! ಆಳದ ಗುಳಿ, ಬಿರುಕು ಇದ್ದರೆ ಮಾತ್ರ ಕೈ ಮುಗಿದು ಹೊರಡಿ.

ಮೇಣ ಎಂದರೆ ಕಾರಿಗೆ ಹಚ್ಚುವ ಯಾವುದೋ ಮೇಣ ಅಲ್ಲ. ಅವುಗಳಲ್ಲಿ ಎಷ್ಟೋ ಬಾರಿ ಸಿಲಿಕೋನ್ ಇರುತ್ತದೆ. ಅದು ಮರಕ್ಕೆ ಅಂಟಿಕೊಂಡರೆ ಆಮೇಲೆ ಬಳಿದ ಪಾಲಿಶ್ ಮೀನಿನ ಕಣ್ಣಿನ ಹಾಗೆ ಗುಳಿ ಗುಳಿಯಾಗುತ್ತದೆ. ಒಂದು ಚೂರು ಮೇಣ, ಇಡೀ ಬೀರು ಹಾಳು!

ಮೇಜಿನಲ್ಲಿ ಬ್ಲೇಡಿನ ಎರಡೂ ಬದಿಗೆ ಉದ್ದನೆಯ ಗಾಡಿ, ಅಂದರೆ ತೋಡು, ಇರುತ್ತದೆ. ಓರೆ ಅಳತೆಯ ಗೇಜು ಜಾರುವುದು ಅದರಲ್ಲೇ. ಅಮೆರಿಕದ ಒಳ್ಳೆಯ ಯಂತ್ರಗಳಲ್ಲಿ ಆ ಗಾಡಿಯ ಅಗಲ ಮುಕ್ಕಾಲು ಇಂಚು. ಅಗ್ಗದ ಕೆಲವು ಯಂತ್ರಗಳಲ್ಲಿ ಯಾವುದಕ್ಕೂ ಹೊಂದದ ವಿಚಿತ್ರ ಅಳತೆ! ಅಂಥದ್ದನ್ನು ಕೊಂಡರೆ ಅಂಗಡಿಯಲ್ಲಿ ಸಿಗುವ ಬಿಡಿ ಸಾಮಾನು ಒಂದೂ ಕೂರುವುದಿಲ್ಲ. ಜೇಬಿನಲ್ಲಿ ಟೇಪು ಇರಲಿ!

ಬ್ಲೇಡು ಆ ಗಾಡಿಗೆ ನೇರವಾಗಿದೆಯೇ? ನೋಡಲು ಸುಲಭ ಉಪಾಯವಿದೆ. ಮೊದಲು ಪ್ಲಗ್ಗು ಕೀಳಿ. ಒಂದು ಹಲ್ಲಿಗೆ ಪೆನ್ನಿನಲ್ಲಿ ಗುರುತು ಹಾಕಿ. ಆ ಹಲ್ಲು ಮುಂದಿರುವಾಗ ಗಾಡಿಯಿಂದ ಎಷ್ಟು ದೂರ, ಅಳೆಯಿರಿ. ಬ್ಲೇಡು ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ತಂದು ಮತ್ತೆ ಅಳೆಯಿರಿ. ಹಲ್ಲು ಒಂದೇ ಆದ್ದರಿಂದ ಬ್ಲೇಡು ಡೊಂಕಿದ್ದರೂ ಅಳತೆ ಮೋಸ ಮಾಡುವುದಿಲ್ಲ!

ಅಳತೆ ವ್ಯತ್ಯಾಸ ಬಂತೇ? ಗಾಬರಿ ಬೇಡ. ಕ್ಯಾಬಿನೆಟ್ ಸಾ ಎಂಬ ದೊಡ್ಡ ಜಾತಿಯಲ್ಲಿ ಬ್ಲೇಡಿನ ಚೌಕಟ್ಟು ಕೆಳಗಿನ ಪೆಟ್ಟಿಗೆಗೆ ಬಿಗಿದಿರುತ್ತದೆ. ಮೇಜಿನ ಕೆಲವು ಬೋಲ್ಟು ಸಡಿಲಿಸಿ, ಮೇಜನ್ನು ಚೂರು ಸರಿಸಿ, ಮತ್ತೆ ಬಿಗಿದರೆ ಕೆಲಸ ಮುಗಿಯಿತು! ಕಾಂಟ್ರಾಕ್ಟರ್ ಸಾ ಎಂಬ ಹಗುರ ಜಾತಿಯಲ್ಲಿ ಚೌಕಟ್ಟು ಮೇಜಿನ ಅಡಿಗೇ ನೇತಾಡುತ್ತದೆ. ಅಲ್ಲಿ ಮಲಗಿ, ಬಗ್ಗಿ, ಒಳಗೆ ಕೈ ತೂರಿಸಬೇಕು.

ಮರಕ್ಕೆ ಆಸರೆಯಾಗಿ ಪಕ್ಕದಲ್ಲಿ ನಿಲ್ಲುವ ಪಟ್ಟಿಗೆ ಫೆನ್ಸ್ ಎನ್ನುತ್ತಾರೆ. ಹಳೇ ಯಂತ್ರಗಳ ದೊಡ್ಡ ತಲೆನೋವು ಇದೇ. ಮುಂದೊಂದು ಕಡೆ, ಹಿಂದೊಂದು ಕಡೆ ಬಿಗಿದುಕೊಂಡು ಓರೆಯಾಗುತ್ತಿತ್ತು. ಅರಿಜೋನಾದ ಬಿಲ್ ಬೀಸ್‌ಮೇಯರ್ ಟಿ ಆಕಾರದ ಫೆನ್ಸ್ ಮಾಡಿ ಮುಂದಿನ ಪಟ್ಟಿಗಷ್ಟೇ ಬಿಗಿಯುವಂತೆ ಮಾಡಿದ. ಅದೆಷ್ಟು ಸರಳ ಎಂದರೆ ಆಮೇಲೆ ಬಂದ ಎಷ್ಟೋ ಕಂಪನಿಗಳು ಅದೇ ದಾರಿ ಹಿಡಿದವು! ಸೋಜಿಗ ನೋಡಿ: ಅಗ್ಗಕ್ಕೆ ಸಿಕ್ಕ ಹಳೇ ಗರಗಸಕ್ಕಿಂತ ಅದಕ್ಕೆ ಹಾಕುವ ಹೊಸ ಫೆನ್ಸೇ ದುಬಾರಿಯಾಗುವುದುಂಟು!

ಫೆನ್ಸ್ ಎಷ್ಟು ದೂರ ಸರಿಯಬೇಕು? ಪ್ಲೈವುಡ್ ಹಾಳೆ ಎಂಟು ಅಡಿಗೆ ನಾಲ್ಕು ಅಡಿ. ಅಗಲದಲ್ಲಿ ಅರ್ಧ ಮಾಡಲು 24 ಇಂಚು ಸರಿದರೆ ಸಾಕು! ಉದ್ದದಲ್ಲಿ ಅರ್ಧ ಮಾಡಬೇಕೆಂದರೆ 48 ಇಂಚು ಬೇಕು. ಸಣ್ಣ ಗ್ಯಾರೇಜಿನವರು 50 ಇಂಚಿನ ಪಟ್ಟಿಗೆ ಆಸೆಪಟ್ಟರೆ ತಾವು ನಿಲ್ಲಲು ಜಾಗ ಉಳಿಯದು!

ಮೋಟರಿನ ಮರ್ಮ

ಹಳೇ ಸಣ್ಣ ಗರಗಸದ ಮೇಲೆ 3 ಅಶ್ವಶಕ್ತಿ ಎಂದು ದಪ್ಪಕ್ಷರದಲ್ಲಿ ಬರೆದಿದೆಯೇ? ಲೆಕ್ಕ ಹಾಕಿ. ಅಮೆರಿಕದ ಮಾಮೂಲಿ ಪ್ಲಗ್ಗು 120 ವೋಲ್ಟ್, 15 ಆಂಪಿಯರ್. ಗುಣಿಸಿದರೆ 1800 ವಾಟ್. ಒಂದು ಅಶ್ವಶಕ್ತಿ ಎಂದರೆ 746 ವಾಟ್. ಒಂದು ಹನಿಯೂ ಪೋಲಾಗದಿದ್ದರೂ ಎರಡೂವರೆ ಕುದುರೆ ಮುಟ್ಟುವುದಿಲ್ಲ! ಮೂರನೆಯ ಕುದುರೆ ಚೀಟಿಯ ಮೇಲಷ್ಟೇ ಓಡುತ್ತದೆ.

ಹಾಗಾದರೆ ನಿಜವಾದ 3 ಅಶ್ವಶಕ್ತಿಯ ಗರಗಸ ಅಲ್ಲಿ ಹೇಗೆ ಓಡುತ್ತದೆ? ಅಮೆರಿಕದ ಮನೆಗಳಿಗೆ ಬರುವುದು 120 ವೋಲ್ಟ್ ಮಾತ್ರ ಎಂದುಕೊಂಡಿರಾ? ಅಲ್ಲ, 240 ವೋಲ್ಟೂ ಬರುತ್ತದೆ! ಬಟ್ಟೆ ಒಣಗಿಸುವ ಯಂತ್ರಕ್ಕೆ, ಕರೆಂಟಿನ ಒಲೆಗೆ ಅದೇ ಬೇಕು. ದೊಡ್ಡ ಕ್ಯಾಬಿನೆಟ್ ಸಾ ಕೇಳುವುದೂ ಅದನ್ನೇ.

ಶಾಲೆ, ಕಾರ್ಖಾನೆಗಳಿಂದ ಹೊರಬಿದ್ದ ದೈತ್ಯ ಗರಗಸಗಳು ಕೆಲವೊಮ್ಮೆ ನಂಬಲಾಗದಷ್ಟು ಅಗ್ಗ! ಯಾಕೆ? ಅವು ತ್ರೀ ಫೇಸ್ ಯಂತ್ರಗಳು. ಮನೆಯಲ್ಲಿರುವುದು ಸಿಂಗಲ್ ಫೇಸ್. ಗಿರಾಕಿಗಳು ಹೆದರಿ ಓಡುತ್ತಾರೆ. ಆದರೆ ವಿಎಫ್‌ಡಿ ಎಂಬ ಸಣ್ಣ ಪೆಟ್ಟಿಗೆಯೊಂದಿದೆ. ಸಿಂಗಲ್ ಫೇಸ್ ಒಳಗೆ ಹೋಗುತ್ತದೆ, ತ್ರೀ ಫೇಸ್ ಹೊರಗೆ ಬರುತ್ತದೆ! ಜೋಡಣೆ ಮಾತ್ರ ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ.

ಅಮೆರಿಕದಿಂದ ಊರಿಗೆ ಮರಳುವಾಗ ಗರಗಸವನ್ನೂ ಹಡಗಿಗೇರಿಸುವ ಯೋಚನೆಯೇ? ಒಂದು ಮಾತು ಕೇಳಿ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಬದಲಿಸುತ್ತದೆ, ಹರ್ಟ್ಜ್ ಬದಲಿಸುವುದಿಲ್ಲ! ಅಲ್ಲಿ 60 ಹರ್ಟ್ಜ್, ಇಲ್ಲಿ 50. ನಿಮಿಷಕ್ಕೆ 3450 ಸುತ್ತು ತಿರುಗುತ್ತಿದ್ದ ಇಂಡಕ್ಷನ್ ಮೋಟರು ಮೈಸೂರಿಗೆ ಬಂದರೆ 2875ರ ಆಸುಪಾಸಿಗೆ ಇಳಿಯುತ್ತದೆ. ಯಂತ್ರ ಅದೇ, ಊರು ಬದಲಾದ್ದಕ್ಕೆ ವೇಗ ಕಡಿಮೆ!

240 ವೋಲ್ಟಿನ ಅಮೆರಿಕನ್ ಮೋಟರನ್ನು ನಮ್ಮ 230 ವೋಲ್ಟಿಗೆ ಹಾಗೇ ಸಿಕ್ಕಿಸಬಹುದಲ್ಲ ಎನ್ನುತ್ತೀರಾ? ಸಂಖ್ಯೆ ಹತ್ತಿರ ಇದೆ ನಿಜ. ಆದರೆ ಹರ್ಟ್ಜ್ ಕಡಿಮೆಯಾದಾಗ ಅದೇ ವೋಲ್ಟೇಜಿಗೆ ಮೋಟರು ಹೆಚ್ಚು ಕಾಯುತ್ತದೆ. ತಣ್ಣಗೆ ಕೊಂಡದ್ದು ಇಲ್ಲಿ ಬಿಸಿ ಬಿಸಿ!

ಮೋಟರಿನ ಜಾತಿ ಕಿವಿಗೇ ಗೊತ್ತಾಗುತ್ತದೆ. ಮಿಕ್ಸಿಯ ಹಾಗೆ ಕಿರುಚಿದರೆ ಕಾರ್ಬನ್ ಬ್ರಶ್ ಇರುವ ಯೂನಿವರ್ಸಲ್ ಮೋಟರು. ಗುಂಯ್ ಎಂದು ಗಂಭೀರವಾಗಿ ತಿರುಗಿದರೆ ಇಂಡಕ್ಷನ್ ಮೋಟರು. ಎರಡನೆಯದು ತೂಕದ್ದು, ಬಾಳಿಕೆಯದು. ಕಿವಿಯೇ ನಿಮ್ಮ ಪರೀಕ್ಷಾ ಯಂತ್ರ!

ಬಹುಕಾಲ ನಿಂತಿದ್ದ ಗರಗಸ ಚಾಲೂ ಮಾಡಿದೊಡನೆ ದಡಬಡ ಎಂದು ಅದುರಿತೇ? ಬೇರಿಂಗ್ ಹೋಗಿದೆ ಎಂದು ತೀರ್ಮಾನಿಸಬೇಡಿ. ಬೆಲ್ಟು ನಿಂತಲ್ಲೇ ನಿಂತು ಪುಲ್ಲಿಯ ಆಕಾರಕ್ಕೆ ಮಡಿಸಿಕೊಂಡಿರಬಹುದು! ಅಗ್ಗದ ಹೊಸ ಬೆಲ್ಟು ಹಾಕಿದರೆ ಎಷ್ಟೋ ಯಂತ್ರಗಳು ಮೌನವಾಗುತ್ತವೆ.

ಅಮೆರಿಕದ ಮರಗೆಲಸದವರ ಹಳೇ ಪರೀಕ್ಷೆಯೊಂದಿದೆ. ಮೇಜಿನ ಮೇಲೆ ಐದು ಸೆಂಟಿನ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ಯಂತ್ರ ಚಾಲೂ ಮಾಡುತ್ತಾರೆ. ನಾಣ್ಯ ಬೀಳದೆ ನಿಂತರೆ ಯಂತ್ರ ಪಾಸು! ಬ್ಲೇಡಿನಿಂದ ದೂರವೇ ನಿಲ್ಲಿಸಬೇಕು ಎಂಬುದನ್ನು ಮರೆಯಬೇಡಿ.

ಬೇರಿಂಗ್ ನಿಜವಾಗಿಯೂ ಹೋಗಿದ್ದರೆ? ಅದಕ್ಕೂ ಹೆದರಬೇಕಿಲ್ಲ. ಬೇರಿಂಗಿನ ಮೈಮೇಲೆ ಸಂಖ್ಯೆ ಕೊರೆದಿರುತ್ತದೆ. 6203 ಎಂದಿದ್ದರೆ ಒಳಗಿನ ತೂತು 17 ಮಿಲಿಮೀಟರ್, ಹೊರಗಿನ ಅಳತೆ 40, ದಪ್ಪ 12. ಜಗತ್ತಿನ ಎಲ್ಲಿ ಕೊಂಡರೂ ಇದೇ ಅಳತೆ! ಮಿಲ್ವಾಕಿಯಲ್ಲಿ ಹುಟ್ಟಿದ ಯಂತ್ರಕ್ಕೆ ಬೆಂಗಳೂರಿನಲ್ಲಿ ಕೊಂಡ ಬೇರಿಂಗ್ ಸಲೀಸಾಗಿ ಕೂರುತ್ತದೆ.

ತೀರಾ ಹಳೆಯ ಗರಗಸಗಳಲ್ಲಿ ಗುಂಡಿನ ಬೇರಿಂಗೇ ಇಲ್ಲ! ತವರ ಬೆರೆತ ಮೆತ್ತನೆಯ ಲೋಹವನ್ನು ಕರಗಿಸಿ ಸುರಿದು ಅಚ್ಚಿಗೆ ಆಸರೆ ಮಾಡುತ್ತಿದ್ದರು. 1839ರಲ್ಲಿ ಅದರ ಪೇಟೆಂಟ್ ಪಡೆದವನು ಐಸಾಕ್ ಬ್ಯಾಬಿಟ್. ಅವನೂ ಮಸಾಚುಸೆಟ್ಸ್‌ನವನೇ, ನೂಲುವ ಚಕ್ರದ ತಬಿತಾಳ ಮನೆತನದ ಹೆಸರೇ ಅವನದೂ!

ಹಲ್ಲಿನ ಹಾಡು

10 ಇಂಚಿನ ಬ್ಲೇಡು ನಿಮಿಷಕ್ಕೆ 4000 ಸುತ್ತು ತಿರುಗಿದರೆ ಅದರ ಹಲ್ಲಿನ ವೇಗ ಎಷ್ಟು? ಗಂಟೆಗೆ ಸುಮಾರು 190 ಕಿಲೋಮೀಟರ್! 2003ರ ವಿಶ್ವಕಪ್‌ನಲ್ಲಿ ಶೋಯೆಬ್ ಅಖ್ತರ್ ಎಸೆದ ದಾಖಲೆಯ ಚೆಂಡಿನ ವೇಗ 161.3. ಗ್ಯಾರೇಜಿನ ಗರಗಸ ಅವನನ್ನೂ ಹಿಂದಿಕ್ಕಿತು!

ಹಲ್ಲಿನ ತುದಿಯಲ್ಲಿರುವುದು ಉಕ್ಕಲ್ಲ, ಟಂಗ್‌ಸ್ಟನ್ ಕಾರ್ಬೈಡ್. ಅದು ಹುಟ್ಟಿದ್ದು ಮರ ಕೊಯ್ಯುವುದಕ್ಕೆ ಅಲ್ಲವೇ ಅಲ್ಲ. ವಿದ್ಯುತ್ ದೀಪಕ್ಕೆ! ಬಲ್ಬಿನ ಒಳಗಿನ ಸಣ್ಣ ತಂತಿ ಎಳೆಯುವ ಅಚ್ಚುಗಳು ಬೇಗ ಸವೆಯುತ್ತಿದ್ದವು. ಅದಕ್ಕೆ ಮದ್ದು ಹುಡುಕುತ್ತ 1923ರಲ್ಲಿ ಬರ್ಲಿನ್ನಿನ ಓಸ್ರಾಮ್ ಕಂಪನಿಯ ಕಾರ್ಲ್ ಶ್ರೋಟರ್ ಈ ಗಟ್ಟಿ ವಸ್ತುವನ್ನು ಮಾಡಿದ. ಬಲ್ಬು ಬೆಳಗಲು ಬಂದದ್ದು ಹಲಗೆ ಸೀಳಲು ನಿಂತಿತು!

ಹಲ್ಲು ಹೆಚ್ಚಿದ್ದಷ್ಟೂ ಒಳ್ಳೆಯದು ಎಂದುಕೊಂಡಿದ್ದೀರಾ? ಉದ್ದಕ್ಕೆ ಸೀಳಲು 24 ಹಲ್ಲಿನ ಬ್ಲೇಡು ಸರಿ. ಅಡ್ಡ ಕೊಯ್ಯಲು 80 ಹಲ್ಲಿನದು. 80 ಹಲ್ಲಿನದರಲ್ಲಿ ಉದ್ದಕ್ಕೆ ಸೀಳಿದರೆ ಹೊಟ್ಟು ಹೊರಬರಲು ಜಾಗವಿಲ್ಲದೆ ಮರ ಸುಟ್ಟು ಕಪ್ಪಾಗುತ್ತದೆ!

ಬ್ಲೇಡಿನ ಮೈಮೇಲೆ ಹಾವಿನಂತೆ ಡೊಂಕು ಡೊಂಕು ಸೀಳುಗಳನ್ನು ನೋಡಿದ್ದೀರಾ? ಚಂದಕ್ಕಲ್ಲ. ಬಿಸಿಯಾಗಿ ಹಿಗ್ಗಿದಾಗ ಬ್ಲೇಡು ಡೊಂಕಾಗದಿರಲಿ, ಕಿರುಚಾಟ ಕಡಿಮೆಯಾಗಲಿ ಎಂದು ಕೊರೆದಿರುವುದು. ಸೀಳು ಹಾಕಿದ್ದಕ್ಕೇ ಸದ್ದಡಗಿತು!

ಮಾಮೂಲಿ ಬ್ಲೇಡು ಒಂದು ಸಲ ಕೊಯ್ದರೆ ಇಂಚಿನ ಎಂಟನೇ ಒಂದು ಭಾಗ ಮರ ಹೊಟ್ಟಾಗುತ್ತದೆ. ಎಂಟು ಸಲ ಕೊಯ್ದಿರೋ, ಇಡೀ ಒಂದು ಇಂಚು ಮರ ಮಾಯ! ಬೀಟೆಯಂಥ ದುಬಾರಿ ಮರವಾದರೆ ಎದೆ ಧಸಕ್ಕೆನ್ನುತ್ತದೆ. ತೆಳು ಬ್ಲೇಡು ಮಾರುವುದೇ ಈ ಕಾರಣಕ್ಕೆ.

ಹಳೇ ಬ್ಲೇಡು ಮೊಂಡಾಗಿದೆ ಎಂದು ಎಸೆಯುವ ಮುನ್ನ ತೊಳೆದು ನೋಡಿ. ಪೈನ್‌ನಂಥ ಮರಗಳ ಅಂಟು ಹಲ್ಲಿನ ಮೇಲೆ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಬಿಡಿಸಿದರೆ ಎಷ್ಟೋ ಬ್ಲೇಡುಗಳಿಗೆ ಎರಡನೆಯ ಹುಟ್ಟು!

ಬ್ಲೇಡಿನ ನಟ್ಟು ಯಾವ ಕಡೆ ತಿರುಗಿಸಿದರೆ ಬಿಚ್ಚುತ್ತದೆ? ಕೆಲವು ಯಂತ್ರಗಳಲ್ಲಿ ಮರೆ ಎಡಗಡೆಯದು, ಕೆಲವದರಲ್ಲಿ ಬಲಗಡೆಯದು. ನೆನಪಿಡಲು ಒಂದೇ ಸೂತ್ರ ಸಾಕು. ಬ್ಲೇಡು ಓಡುವ ದಿಕ್ಕಿಗೇ ತಿರುಗಿಸಿದರೆ ನಟ್ಟು ಸಡಿಲ! ಹಾಗೆ ಮಾಡಿರುವುದರಿಂದಲೇ ಯಂತ್ರ ಚಾಲೂ ಆದಾಗ ನಟ್ಟು ಇನ್ನಷ್ಟು ಬಿಗಿಯಾಗುವುದು.

ಬೆರಳಿನ ಲೆಕ್ಕ

ಅಮೆರಿಕದಲ್ಲಿ ಟೇಬಲ್ ಸಾ ಬ್ಲೇಡು ತಾಗಿ ವರ್ಷಕ್ಕೆ ಸುಮಾರು 30,000 ಜನ ಗಾಯಗೊಳ್ಳುತ್ತಾರೆ ಎಂಬುದು ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಅಂದಾಜು. ಈ ಸಂಖ್ಯೆಯನ್ನು ಇನ್ನೊಮ್ಮೆ ಓದಿ. ಹಳೇ ಯಂತ್ರ ಕೊಳ್ಳುವವರು ಮೊದಲು ನೋಡಬೇಕಾದ್ದು ಬೆಲೆಯಲ್ಲ, ರಕ್ಷಣೆ!

ಬೆರಳು ತಾಗಿದೊಡನೆ ತಾನೇ ನಿಲ್ಲುವ ಗರಗಸವಿದೆ ಗೊತ್ತೇ? ಅದೇ ಸಾಸ್ಟಾಪ್. ಕಂಡುಹಿಡಿದವನು ಬಡಗಿಯಲ್ಲ. ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಪೇಟೆಂಟ್ ವಕೀಲ ಸ್ಟೀಫನ್ ಗ್ಯಾಸ್! ಬ್ಲೇಡಿನಲ್ಲಿ ಸಣ್ಣ ವಿದ್ಯುತ್ ಸಂಕೇತ ಹರಿಯುತ್ತಿರುತ್ತದೆ. ಮನುಷ್ಯನ ಮೈ ತಾಗಿದರೆ ಆ ಸಂಕೇತ ಬದಲಾಗುತ್ತದೆ. ತಕ್ಷಣ ಅಲ್ಯೂಮಿನಿಯಂ ತುಂಡೊಂದು ಚಿಮ್ಮಿ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. 5 ಮಿಲಿಸೆಕೆಂಡಿನಲ್ಲಿ ಎಲ್ಲ ಸ್ತಬ್ಧ. ಬ್ಲೇಡು ಅಷ್ಟರಲ್ಲಿ ಅರ್ಧ ಸುತ್ತೂ ಮುಗಿಸಿರುವುದಿಲ್ಲ!

ಇದನ್ನು ಜನರಿಗೆ ತೋರಿಸಲು ಆತ ಬಳಸಿದ್ದು ಹಾಟ್‌ಡಾಗ್! ಅದರ ಮಾಂಸ ನಮ್ಮ ಬೆರಳಿನ ಹಾಗೇ ಸಂಕೇತ ಬದಲಿಸುತ್ತದೆ. ಆಮೇಲೆ ಕ್ಯಾಮೆರಾ ಮುಂದೆ ತನ್ನದೇ ಬೆರಳು ತಾಗಿಸಿ ತೋರಿಸಿದ. ಬೆರಳು ಉಳಿಯಿತು!

ದೊಡ್ಡ ಕಂಪನಿಗಳ ಮುಂದೆ ಈ ಉಪಾಯ ಇಟ್ಟಾಗ ಯಾರೂ ಕೊಳ್ಳಲಿಲ್ಲ. ಹಾಗಾದರೆ ನಾವೇ ಮಾಡುತ್ತೇವೆ ಎಂದು ಗ್ಯಾಸ್ ಮತ್ತು ಜೊತೆಗಾರರು ಕಂಪನಿ ಕಟ್ಟಿ 2004ರಲ್ಲಿ ಮೊದಲ ಗರಗಸ ಮಾರಿದರು. 2017ರಲ್ಲಿ ಸಲಕರಣೆ ತಯಾರಿಸುವ ಫೆಸ್ಟೂಲ್‌ನ ಮಾತೃಸಂಸ್ಥೆ ಆ ಕಂಪನಿಯನ್ನೇ ಕೊಂಡಿತು!

ಹಳೇ ಸಾಸ್ಟಾಪ್ ಸಿಕ್ಕರೆ ಆ ಅಲ್ಯೂಮಿನಿಯಂ ತುಂಡಿರುವ ಬ್ರೇಕ್ ಕಾರ್ಟ್ರಿಜ್ ತೆಗೆಸಿ ನೋಡಿ. ಒಮ್ಮೆ ಸಿಡಿದರೆ ಅದರ ಆಯಸ್ಸು ಮುಗಿಯಿತು. ಬ್ಲೇಡೂ ಸಾಮಾನ್ಯವಾಗಿ ಹಾಳು. ಇನ್ನೊಂದು ವಿಷಯ: ತುಂಬಾ ಹಸಿಯಾದ ಮರ ತಾಗಿದರೂ ಅದು ಬೆರಳೆಂದು ತಿಳಿದು ಸಿಡಿಯಬಹುದು!

ಬಾಷ್ ಕಂಪನಿ ಬ್ಲೇಡು ಹಾಳಾಗದೆ ಕೆಳಗೆ ಕುಸಿಯುವ ರಿಯಾಕ್ಸ್ ಎಂಬ ಗರಗಸ ತಂದಿತ್ತು. ಸಾಸ್ಟಾಪ್ ಜೊತೆಗಿನ ಪೇಟೆಂಟ್ ಜಗಳದಿಂದ 2017ರಲ್ಲಿ ಅಮೆರಿಕಕ್ಕೆ ಅದರ ಆಮದೇ ನಿಂತಿತು! ಹಳೇ ಪೇಟೆಯಲ್ಲಿ ಅದು ಕಂಡರೆ ಬದಲಿ ಕಾರ್ಟ್ರಿಜ್ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ.

2010ರಲ್ಲಿ ಬಾಸ್ಟನ್ನಿನ ನ್ಯಾಯಾಲಯದಲ್ಲಿ ಒಂದು ತೀರ್ಪು ಬಂತು. 159 ಡಾಲರಿನ ಗರಗಸದಿಂದ ಕೈಗೆ ಗಾಯವಾದ ಕೆಲಸಗಾರನಿಗೆ ಜ್ಯೂರಿ ಕೊಡಿಸಿದ ಪರಿಹಾರ ಎಷ್ಟು? 15 ಲಕ್ಷ ಡಾಲರ್! ಬೆರಳು ಗುರುತಿಸುವ ತಂತ್ರ ಇದ್ದರೂ ಅಳವಡಿಸಲಿಲ್ಲ ಎಂಬುದು ಅಲ್ಲಿನ ವಾದ.

ಬ್ಲೇಡಿನ ಹಿಂದೆ ನಿಲ್ಲುವ ಸಣ್ಣ ಉಕ್ಕಿನ ರೆಕ್ಕೆಗೆ ರೈವಿಂಗ್ ನೈಫ್ ಎನ್ನುತ್ತಾರೆ. ನೋಡಲು ಏನೂ ಅಲ್ಲ ಅನಿಸುತ್ತದೆ. ಆದರೆ ಕೊಯ್ದ ಹಲಗೆ ಮುಚ್ಚಿಕೊಂಡು ಬ್ಲೇಡಿನ ಹಿಂಬದಿ ಹಲ್ಲಿಗೆ ಸಿಕ್ಕಿದರೆ ನಿಮ್ಮ ಕಡೆಗೇ ರಭಸದಿಂದ ಹಾರಿಬರುತ್ತದೆ. ಅದನ್ನು ತಡೆಯುವುದು ಈ ರೆಕ್ಕೆ! ಅಮೆರಿಕದಲ್ಲಿ ಹೊಸ ಮಾದರಿಗಳಿಗೆ ಇದು ಕಡ್ಡಾಯವಾದದ್ದು 2008ರ ಆಸುಪಾಸಿನಲ್ಲಿ. ಅದಕ್ಕಿಂತ ಹಳೆಯದರಲ್ಲಿ ಇದನ್ನು ಹುಡುಕಿ ನೋಡಿ. ಇಲ್ಲದಿದ್ದರೆ ಕೊಯ್ದ ಸೀಳು ಮುಚ್ಚಿಕೊಳ್ಳದಂತೆ ತಡೆಯುವ ಸ್ಪ್ಲಿಟರ್ ಆದರೂ ಹಾಕಿಸಿ.

ಯುರೋಪಿನಲ್ಲಿ ಸ್ವಿಚ್ಚು ಆರಿಸಿದ 10 ಸೆಕೆಂಡಿನೊಳಗೆ ಬ್ಲೇಡು ನಿಲ್ಲಬೇಕೆಂಬ ನಿಯಮವಿದೆ. ಅಮೆರಿಕದ ಹಳೇ ಗರಗಸಕ್ಕೆ ಅಂಥ ಕಟ್ಟುಪಾಡಿಲ್ಲ. ಆರಿಸಿದ ಮೇಲೂ ಸದ್ದಿಲ್ಲದೆ ತಿರುಗುತ್ತಲೇ ಇರುತ್ತದೆ! ನಿಂತಿತೆಂದು ಕಣ್ಣಿಗೆ ಕಾಣುವವರೆಗೆ ಕೈ ದೂರ.

ಕೈಗೆ ಗವಸು ಹಾಕಿದರೆ ರಕ್ಷಣೆ ಎಂದುಕೊಂಡಿರಾ? ತಿರುಗುವ ಬ್ಲೇಡಿನ ಮುಂದೆ ಗವಸು ಹಾಕಲೇಬಾರದು! ಅದರ ದಾರ ಹಲ್ಲಿಗೆ ಸಿಕ್ಕಿದರೆ ಕೈಯನ್ನೇ ಒಳಗೆಳೆಯುತ್ತದೆ. ಮರದ ತುಂಡು ತಳ್ಳಲು ಬರಿಗೈಯಲ್ಲಿ ತಳ್ಳುಗೋಲು ಹಿಡಿಯಿರಿ. ಮನೆಯಲ್ಲೇ ಪ್ಲೈವುಡ್ಡಿನಲ್ಲಿ ಮಾಡಿಕೊಳ್ಳಬಹುದು, ಖರ್ಚು ಹೆಚ್ಚುಕಡಿಮೆ ಸೊನ್ನೆ!

ಕಿವಿಯನ್ನೂ ಮರೆಯಬೇಡಿ. ಸದ್ದು 100 ಡೆಸಿಬೆಲ್ ಮುಟ್ಟಿದರೆ ಕಿವಿಗೆ ಸುರಕ್ಷಿತ ಹೊತ್ತು ದಿನಕ್ಕೆ ಬರೀ 15 ನಿಮಿಷ ಎನ್ನುತ್ತದೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ. ಗರಗಸಕ್ಕೆ ಆ ಮಟ್ಟ ಏನೂ ದೂರವಲ್ಲ!

ಗಮಗಮ ಎನ್ನುವ ಮರದ ಹೊಟ್ಟು ಎಷ್ಟು ಸಾಧು ಅಲ್ಲವೇ? ಅಲ್ಲ! 1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಗರಗಸಕ್ಕೆ ಧೂಳು ಎಳೆಯುವ ಕೊಳವೆ ಕೂರಿಸುವ ಬಾಯಿ ಇದೆಯೇ ಎಂದು ನೋಡಿಯೇ ಕೊಳ್ಳಿ.

ಮನೆಗೆ ತರುವಾಗ

ಯೂನಿಸಾದಂಥ ಕ್ಯಾಬಿನೆಟ್ ಸಾ ಸುಮಾರು 200 ಕಿಲೋ ತೂಗುತ್ತದೆ. ಇಡಿಯಾಗಿ ಎತ್ತುವ ಸಾಹಸ ಬೇಡವೇ ಬೇಡ! ಪಕ್ಕದ ರೆಕ್ಕೆ, ಫೆನ್ಸ್ ಪಟ್ಟಿ, ಮೋಟರು, ಮೇಜು ಎಂದು ಒಂದೊಂದೇ ಬಿಚ್ಚಿ. ಭೀಮನಂತೆ ನಿಂತಿದ್ದ ಯಂತ್ರವನ್ನು ಒಂದಿಬ್ಬರು ಗೆಳೆಯರೊಡನೆ ಸಾಗಿಸಬಹುದು. ಫೆನ್ಸ್ ಪಟ್ಟಿ ಹಿಡಿದು ಮಾತ್ರ ಎತ್ತಬೇಡಿ, ಅದು ಬಾಗಿದರೆ ನೇರ ಗೆರೆಗೆ ಶಾಶ್ವತ ವಿದಾಯ!

ಬಿಚ್ಚುವಾಗ ಮೇಜಿನ ಕೆಳಗೆ ಸಣ್ಣ ಲೋಹದ ತಗಡಿನ ತುಂಡುಗಳು ಸಿಕ್ಕರೆ ಕಸವೆಂದು ಬಿಸಾಡಬೇಡಿ! ಮೇಜಿನ ಮಟ್ಟ ಸರಿಮಾಡಲು ಇಟ್ಟ ಪಟ್ಟಿಗಳವು. ಯಾವ ಮೂಲೆಯದು ಯಾವುದು ಎಂದು ಬರೆದಿಟ್ಟುಕೊಂಡು, ಫೋಟೋ ತೆಗೆದುಕೊಂಡು ಮುಂದುವರಿಯಿರಿ.

ಕೊನೆಗೊಂದು ಭರ್ಜರಿ ಅಚ್ಚರಿ. 1981ರಲ್ಲಿ ಜಿಮ್ಮಿ ಕಾರ್ಟರ್ ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿಯುವಾಗ ಸಂಪುಟದವರು, ಸಿಬ್ಬಂದಿ ಸೇರಿ ಜೀಪೊಂದನ್ನು ಉಡುಗೊರೆ ಕೊಡಲು ಯೋಚಿಸಿದ್ದರು. ಅದು ಕಿವಿಗೆ ಬಿದ್ದಾಗ ಕಾರ್ಟರ್, ನನಗೆ ಮರಗೆಲಸದ ಸಲಕರಣೆ ಕೊಡಿ ಎಂದರು! ಊರಿಗೆ ಮರಳಿ ಮನೆಯಲ್ಲೇ ಕಾರ್ಯಾಗಾರ ಹೂಡಿ ಕುರ್ಚಿ, ಮೇಜು, ಬೀರು ಮಾಡತೊಡಗಿದರು. ಅವರ ಕೈಯಾರೆ ಮಾಡಿದ ಪೀಠೋಪಕರಣಗಳು ಕಾರ್ಟರ್ ಸೆಂಟರ್‌ಗಾಗಿ ಹರಾಜಾಗಿ ಭಾರೀ ಬೆಲೆ ತಂದವು. ಶ್ವೇತಭವನ ಬಿಟ್ಟು ಬಂದವರು ಕೇಳಿ ಪಡೆದದ್ದು ಗರಗಸ, ರಂದ, ಉಳಿಗಳ ಕೋಣೆಯನ್ನು!